ಹುಲ್ಲಿಳಿಸಿದ ಮನೆ

ಸಗರದಿಂದ ದೋರನಹಳ್ಳಿಗೆ ಹೋಗುವ ಬಂಡಿದಾರಿಯ ಮಗ್ಗುಲಿಗೆ, ಊರಿನಿಂದ ಒಂದು ಕೂಗಳತೆ ಆಚೆ, ಕುರಿ ಸಾಕುವ ಅಯ್ಯಣ್ಣನ ಹುಲ್ಲುಮನೆ ಇತ್ತು. ಅವನ ಹೆಂಡತಿ ಮಲಕಮ್ಮನಂಥ ಅಂಜುಬುರುಕಿ ಆ ಸೀಮೆಯಲ್ಲೇ ಇನ್ನೊಬ್ಬಳಿರಲಿಲ್ಲ. ಇದು ಯಾರೋ ಹಚ್ಚಿ ಹೇಳಿದ ಮಾತಲ್ಲ, ಅವಳೇ ಒಪ್ಪಿಕೊಂಡಿದ್ದು. ಗುಡುಗಿದರೆ ಸಿಡಿಲು ಬಿದ್ದೀತೆಂದು ಅಂಜಿಕೆ, ಗುಡುಗದಿದ್ದರೆ ಮಳೆ ಹೋಯಿತೆಂದು ಅಂಜಿಕೆ. ನಾಯಿ ಬೊಗಳಿದರೆ ಕಳ್ಳ ಬಂದ, ಬೊಗಳದಿದ್ದರೆ ಕಳ್ಳ ನಾಯಿಗೆ ಏನೋ ತಿನ್ನಿಸಿದ. ಹಗ್ಗ ಕಂಡು ಹಾವೆನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಮಲಕಮ್ಮ ಮಾತ್ರ ಹಗ್ಗವನ್ನು ಹಗ್ಗವೆಂದು ಗುರುತಿಸಿದ ಮೇಲೂ ಅದರ ಕೆಳಗೆ ಹಾವು ಇದ್ದೀತೆಂದು ಕೋಲಿನಿಂದ ಎತ್ತಿ ನೋಡುವವಳು.

ಈ ಎಲ್ಲ ಅಂಜಿಕೆಗೂ ತಾಯಿಬೇರು ತಲೆಯ ಮೇಲಿನ ಹುಲ್ಲು. ಅವಳ ತವರು ದೋರನಹಳ್ಳಿಯಲ್ಲಿ ಕಲ್ಲುಗೋಡೆ, ಮಣ್ಣಿನ ಮಾಳಿಗೆ. ಸಣ್ಣವಳಿದ್ದಾಗ ಒಂದು ಬೇಸಿಗೆಯಲ್ಲಿ ಊರಾಚೆಯ ಗುಡಿಸಲೊಂದಕ್ಕೆ ಬೆಂಕಿ ಹತ್ತಿದ್ದನ್ನು ಆ ಮಾಳಿಗೆಯ ಮೇಲೆ ನಿಂತು ನೋಡಿದ್ದಳು. ಒಳಗಿದ್ದವರು ಸ್ವಲ್ಪ ಹೊತ್ತು ಕೂಗಿದರು, ಆಮೇಲೆ ಕೂಗಲಿಲ್ಲ. ಅಂಥವಳನ್ನು ಒಯ್ದು ಹುಲ್ಲುಮನೆಗೇ ಕೊಟ್ಟರು. ಹಣೆಬರಹಕ್ಕೆ ಕಣ್ಣಿಲ್ಲ, ಬೇಡವೆಂದು ತಲೆ ಅಲ್ಲಾಡಿಸಿದವರ ಎಲೆಗೇ ಹೆಚ್ಚು ಬಡಿಸುತ್ತದೆ.

ಮಾವ ಗುರಪ್ಪ ಆ ಮನೆಯನ್ನು ತನ್ನ ಕೈಯಾರೆ ಎಬ್ಬಿಸಿದವನು. ಹೊಸ ಸೊಸೆ ಕಣ್ಣು ಮುಚ್ಚದೆ ಮೇಲೆ ನೋಡುತ್ತ ಮಲಗುವುದನ್ನು ಕಂಡು, ಒಂದು ಮುಂಜಾನೆ ಅವಳನ್ನು ಕರೆದುಕೊಂಡು ಮನೆಯ ಸುತ್ತ ತಿರುಗಿಸಿದ. ಗೋಡೆಗಳೆಲ್ಲ ತೊಗರಿಕಟ್ಟಿಗೆಯ ತಟ್ಟಿ, ಮೇಲೆ ಮಣ್ಣು ಸಗಣಿ ಮೆತ್ತಿದ್ದು. ಅದನ್ನು ಅಂಗೈಯಿಂದ ಬಡಿದು ತೋರಿಸಿ ನಕ್ಕ.

"ಗೋಡಿ ಅಂಬೋದು ಮೈಮ್ಯಾಲಿನ ಅಂಗಿ ಇದ್ದಂಗವ್ವ. ಹರದ್ರ ಹರೀಲಿ. ಮನಿ ಅಂದ್ರ ಕಂಬ. ಕಂಬ ನೆಚ್ಚು."

ಕಂಬಗಳು ಬೇವಿನವು. ತುದಿಯಲ್ಲಿ ಕವಲೊಡೆದ ಮರಗಳನ್ನೇ ಹುಡುಕಿ ಕಡಿದು ತಂದಿದ್ದ. ಬುಡವನ್ನು ಬೆಂಕಿಯಲ್ಲಿ ಕರ್ರಗೆ ಸುಟ್ಟು ನೆಲಕ್ಕಿಳಿಸಿದ್ದರಿಂದ ಗೆದ್ದಲು ಅದರ ಹತ್ತಿರ ಸುಳಿದಿರಲಿಲ್ಲ. ಆ ಕವಲುಗಳಲ್ಲಿ ತೊಲೆಗಳು ಸುಮ್ಮನೆ ಕೂತಿದ್ದವು, ಹೆಗಲ ಮೇಲೆ ಕೂತ ಮಕ್ಕಳ ಹಾಗೆ. ಇಡೀ ಮನೆಯಲ್ಲಿ ಒಂದು ಕಬ್ಬಿಣದ ಮೊಳೆ ಇರಲಿಲ್ಲ. ಎಲ್ಲಕ್ಕಿಂತ ಎತ್ತರದ ನಡುಗಂಬದ ಮೇಲೆ ನಡುತೊಲೆ, ಅಲ್ಲಿಂದ ಎರಡೂ ಕಡೆ ಇಳಿದ ಜಾಲಿಯ ಗಳಗಳು, ಅದರ ಮೇಲೆ ಬಾದೆ ಹುಲ್ಲು, ಸೂರಿನಿಂದ ಮೇಲಕ್ಕೆ ಒಂದರ ಮೇಲೊಂದು ಹೊದಿಸಿದ್ದು. ಸೂರು ಎಷ್ಟು ಕೆಳಗೆ ಬಂದಿತ್ತೆಂದರೆ ಊರ ಗೌಡನೂ ತಲೆ ತಗ್ಗಿಸದೆ ಒಳಗೆ ಬರುವ ಹಾಗಿರಲಿಲ್ಲ. ಗುರಪ್ಪನಿಗೆ ಅದೊಂದು ಖುಷಿ.

ಹುಲ್ಲನ್ನು ಬಿಗಿದದ್ದು ಪುಂಡಿನಾರಿನ ಹಗ್ಗದಿಂದ. ಸೊಸೆಗೆಂದೇ ಆ ವರ್ಷ ಅವನು ಹಳೆಯ ಗಂಟುಗಳನ್ನೆಲ್ಲ ಬಿಚ್ಚಿ ಹೊಸದಾಗಿ ಸರಗುಣಿಕೆ ಹಾಕಿದ. ಸರಗುಣಿಕೆಯೆಂದರೆ ತುದಿ ಎಳೆದರೆ ಸಾಕು ಬಿಚ್ಚಿಕೊಳ್ಳುವ ಗಂಟು. ಮಾಡಿನ ಒಂದೊಂದು ಇಳಿಜಾರಿನ ಹಗ್ಗದ ತುದಿಗಳನ್ನೆಲ್ಲ ಒಟ್ಟುಮಾಡಿ ಬಾಗಿಲ ಕಂಬಕ್ಕೆ ತಂದು ಸುತ್ತಿದ್ದ. ಬೆಂಕಿ ಹತ್ತಿತೆಂದರೆ ಇದನ್ನು ಜಗ್ಗು, ಹುಲ್ಲೆಲ್ಲ ಹೊರಗೆ ಜಾರುತ್ತದೆ, ಮನೆ ಉಳಿಯುತ್ತದೆ, ನೀನೂ ಉಳಿಯುತ್ತೀ ಎಂದ. ಒಂದೇ ಕಟ್ಟಳೆ. ಮನೆಯಲ್ಲಿ ಬಸುರಿ ಇದ್ದಾಗ ಅದನ್ನು ಜಗ್ಗಬಾರದು. ಬಸುರಿಯ ತಲೆಯ ಮೇಲಿನ ಗಂಟು ಬಿಚ್ಚಿದರೆ ಬಸಿರಿನ ಗಂಟೂ ಬಿಚ್ಚುತ್ತದೆ ಎಂಬುದು ಹಿರಿಯರ ಮಾತು. ಮಲಕಮ್ಮ ಹೂಂಗುಟ್ಟಿದಳು. ಅಂದಿನಿಂದ ಮಲಗುವ ಮುಂಚೆ ಆ ಹಗ್ಗದ ತುದಿಯನ್ನು ಒಂದು ಸಲ ಮುಟ್ಟಿ, ನಡುಗಂಬಕ್ಕೆ ಕೈಮುಗಿದು ಮಲಗುವುದು ಅವಳ ರೂಢಿಯಾಯಿತು. ಗುರಪ್ಪ ಹೋದ, ಅವಳ ಮಗ ಬಾಲಪ್ಪ ಬೆಳೆದ, ಕೂದಲು ನೆರೆಯಿತು, ಹಗ್ಗ ಜಗ್ಗುವ ಪ್ರಸಂಗ ಬರಲಿಲ್ಲ.

ಬಂದದ್ದು ರಜಾಕಾರರ ವರ್ಷ. ನಿಜಾಮರ ರಾಜ್ಯ ಹಿಂದುಸ್ತಾನಕ್ಕೆ ಸೇರಬೇಕೋ ಬೇಡವೋ ಎಂದು ದಿಲ್ಲಿ ಒಂದು ಕಡೆ, ಹೈದರಾಬಾದು ಒಂದು ಕಡೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ಜಗ್ಗಾಟ ನಡೆದಿದ್ದರೆ, ಇಲ್ಲಿ ನಿಜಾಮರ ಪರ ಬಂದೂಕು ಹಿಡಿದ ರಜಾಕಾರರ ಗುಂಪುಗಳು ಹಳ್ಳಿ ಹಳ್ಳಿಗೆ ನುಗ್ಗುತ್ತಿದ್ದವು. ಇವತ್ತು ಆ ಊರಿನ ಬಣಿವೆ ಸುಟ್ಟರು, ನಿನ್ನೆ ಈ ಊರಿನ ಗುಡಿಸಲು ಸುಟ್ಟರು ಎಂಬ ಸುದ್ದಿ. ಮಾಳಿಗೆ ಮನೆಯವರು ಕದ ಹಾಕಿಕೊಂಡರು. ಹುಲ್ಲಿನವರು ತಾವೇ ಹುಲ್ಲು ಕಿತ್ತು ಹಾಕಿ ಬಯಲಲ್ಲಿ ಮಲಗತೊಡಗಿದರು, ಬೆಂಕಿ ಹಚ್ಚುವವನಿಗೆ ಹುಲ್ಲೇ ಸಿಗದಿರಲಿ ಎಂದು.

ಅಯ್ಯಣ್ಣ, ಬಾಲಪ್ಪ ಇಬ್ಬರೂ ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಹೋದವರು ದಾರಿಯಲ್ಲಿ ರಜಾಕಾರರ ಕಾಟಕ್ಕೆ ಅಂಜಿ ಅಲ್ಲೇ ಉಳಿದಿದ್ದರು. ಮನೆಯಲ್ಲಿ ಇದ್ದದ್ದು ಮಲಕಮ್ಮ, ಸೊಸೆ ರೇಣಮ್ಮ. ರೇಣಮ್ಮನಿಗೆ ಎರಡು ಸಲ ಬಸಿರು ನಿಂತು ಎರಡು ಸಲವೂ ಇಳಿದುಹೋಗಿತ್ತು. ಮೂರನೆಯದು ಈಗ ಹೊಟ್ಟೆಯಲ್ಲಿ ಮಿಸುಕುತ್ತಿತ್ತು. ಇಂಥ ಹೊತ್ತಿನಲ್ಲಿ ಮಲಕಮ್ಮನ ಕಟ್ಟಳೆಗಳನ್ನು ಏನು ಕೇಳುತ್ತೀರಿ! ಗ್ರಹಣ ಬಿಡಿ, ಮೋಡ ಕಟ್ಟಿದ ಸೂರ್ಯನನ್ನೂ ಹುಡುಗಿ ನೋಡುವಂತಿರಲಿಲ್ಲ. ತೊಟ್ಟಿಲು ಅಟ್ಟದಿಂದ ಇಳಿಯಬಾರದು, ಕೂಸಿನ ಕುಲಾವಿ ಹೊಲಿಯಬಾರದು, ಕೂಸಿನ ಹೆಸರು ಬಾಯಲ್ಲಿ ಬರಬಾರದು. ಹುಟ್ಟುವ ಮುಂಚೆ ಹುಟ್ಟಿದಂತೆ ನಡೆದುಕೊಂಡರೆ ಬರುವ ಜೀವ ಬಾಗಿಲಿನಿಂದಲೇ ಹೊರಳಿ ಹೋಗುತ್ತದೆ ಎಂದು ಅವಳ ನಂಬಿಕೆ.

ಅಂಥವಳು ಹುಲ್ಲಿಗೆ ಕೈ ಹಚ್ಚುವುದು ಹೇಗೆ? ಬಿಚ್ಚಿದರೆ ಕೂಸು ಹೋಗುತ್ತದೆ, ಬಿಚ್ಚದಿದ್ದರೆ ತಾಯಿ ಕೂಸು ಎರಡೂ ಸುಟ್ಟು ಹೋಗುತ್ತವೆ. ದಿನಾ ಸಂಜೆ ಹಗ್ಗದ ತುದಿ ಹಿಡಿಯುವಳು, ಬಿಡುವಳು. ಅನ್ನ ರುಚಿಸಲಿಲ್ಲ, ಕಣ್ಣು ಕೂಡಲಿಲ್ಲ. ದೂರದಲ್ಲಿ ಧೂಳೆದ್ದರೆ ಸೊಸೆಯ ಕೈ ಹಿಡಿದು ಹಳ್ಳದ ಜಾಲಿ ಪೊದೆಗೆ ಓಡುವಳು. ಅದು ದನದ ಧೂಳೆಂದು ತಿಳಿದ ಮೇಲೂ ಬಹಳ ಹೊತ್ತು ಅಲ್ಲಿಂದ ಏಳುತ್ತಿರಲಿಲ್ಲ.

ದಾರಿ ತೋರಿಸಿದವಳು ದಾವಲಬೀ. ಊರ ಅಂಚಿನಲ್ಲಿ ಅವಳದು ಕಲ್ಲಿನ ಸಣ್ಣ ಮಾಳಿಗೆ ಮನೆ. ಗಂಡ ಸರದಾರಸಾಬ ಪುಂಡಿನಾರು ಹೊಸೆದು ಹಗ್ಗ ಮಾಡುವವನು. ಗುರಪ್ಪನ ಕಾಲದಿಂದ ಆ ಹುಲ್ಲುಮನೆಯ ಹಗ್ಗವೆಲ್ಲ ಅವನ ಕೈಯದೇ. ರಜಾಕಾರರು ಖಾಕಿ ಅಂಗಿ ತಂದು ಕರೆದಾಗ, ನನಗೆ ಹಗ್ಗ ಹೊಸೆಯುವುದು ಬಿಟ್ಟು ಬೇರೆ ಬರುವುದಿಲ್ಲ ಎಂದು ಹೇಳಿ ಬೈಸಿಕೊಂಡಿದ್ದ. ಹುಡುಗಿಯನ್ನು ನಮ್ಮ ಮಾಳಿಗೆ ಕೆಳಗೆ ಮಲಗಿಸು ಎಂದಳು ದಾವಲಬೀ. ಮಲಕಮ್ಮ ಅದಕ್ಕೂ ತಲೆ ಅಲ್ಲಾಡಿಸಿದಳು. ಎಲ್ಲಿ ಮಲಗಿದರೂ ಅವಳು ಈ ಮನೆಯ ಸೊಸೆಯೇ, ಈ ಗಂಟು ಅವಳಿಗೇ ತಾಗುತ್ತದೆ. ಚೊಚ್ಚಲು ಹೆರಿಗೆಗೆ ತವರಿಗೆ ಹೋದ ಮಗಳಾದರೆ ಮಾತು ಬೇರೆ, ಆಗ ಅವಳು ಹೆರುವತನಕ ತವರಿನವಳು. ಆದರೆ ರೇಣಮ್ಮನಿಗೆ ತವರು ಎಲ್ಲಿದೆ? ತಾಯಿ ಅವಳು ಸಣ್ಣವಳಿದ್ದಾಗಲೇ ಪ್ಲೇಗಿನಲ್ಲಿ ಹೋಗಿದ್ದಳು.

ದಾವಲಬೀ ಎದ್ದು ಹೋದವಳು ಒಂದು ಕುಪ್ಪಸದ ಖಣ, ಹಸಿರು ಬಳೆ, ಒಂದು ಸೇರು ಜೋಳ, ಕೊಬ್ಬರಿ ಬಟ್ಟಲು ತಂದಳು. ರೇಣಮ್ಮನನ್ನು ನಡುಗಂಬದ ಮುಂದೆ ಕೂಡಿಸಿ, ಹಿಂದೂ ಹೆಣ್ಣುಮಕ್ಕಳು ಮಾಡುವುದನ್ನು ನೋಡಿ ಕಲಿತಂತೆ, ಅವಳ ಸೆರಗಿನಲ್ಲಿ ಉಡಿ ತುಂಬಿದಳು.

"ನೋಡಕ್ಕ, ಉಡಿ ತುಂಬಿದಾಕಿ ತವರಿನಾಕಿ. ಇವತ್ತಿಂದ ಇಕಿ ನನ್ನ ಮಗಳು. ಹಡಿಯಾಕ ತವರಿಗಿ ಕರಕೊಂಡು ಹೊಂಟೇನಿ. ಇನ್ನ ನಿನ್ನ ಮನಿ ಗಂಟಿಗೂ ಇಕಿ ಹೊಟ್ಟಿಗೂ ಏನ್ ಸಂಬಂಧ?"

ಮಲಕಮ್ಮ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದಳು. ಎಲ್ಲೂ ತೂತು ಕಾಣಲಿಲ್ಲ. ಎಷ್ಟೋ ತಿಂಗಳಲ್ಲಿ ಮೊದಲ ಸಲ ಅವಳಿಗೆ ಸರಿಯಾಗಿ ಉಸಿರಾಡಲು ಬಂತು. ಊರಲ್ಲಿ ಕೆಲವರು ಮೂಗು ಮುರಿದರು, ಸಾಬರ ಮನೆಯಲ್ಲಿ ಬಾಣಂತನವೇ ಎಂದರು. ಮೂಗು ಮುರಿದವರಲ್ಲಿ ಒಬ್ಬರೂ ನಮ್ಮ ಮಾಳಿಗೆ ಕೆಳಗೆ ಬಾ ಎನ್ನಲಿಲ್ಲ.

ಸೊಸೆ ದಾವಲಬೀಯ ಹೊಸ್ತಿಲು ದಾಟಿದ್ದನ್ನು ಕಣ್ಣಾರೆ ಕಂಡು ಬಂದ ಮೇಲೆ ಮಲಕಮ್ಮ ಹಗ್ಗಕ್ಕೆ ಕೈ ಹಾಕಿದಳು. ಮೊದಲು ಏನೂ ಆಗಲಿಲ್ಲ. ಮೈಭಾರ ಬಿಟ್ಟು ಜಗ್ಗಿದಳು. ಗಂಟುಗಳು ಒಂದರ ಹಿಂದೊಂದು ಚಟಚಟನೆ ಬಿಚ್ಚಿಕೊಂಡವು. ವರ್ಷಗಳ ಹುಲ್ಲು ಗುಮ್ಮೆಂದು ಜಾರಿ ಅಂಗಳದಲ್ಲಿ ಬಿತ್ತು. ಅದರೊಳಗಿಂದ ಗುಬ್ಬಿಗೂಡು, ಇಲಿ, ಗುರಪ್ಪ ಕಳೆದುಕೊಂಡು ಹುಡುಕಿದ್ದ ಒಂದು ಕುಡುಗೋಲು ಎಲ್ಲ ಹೊರಬಿದ್ದವು. ಕವಲುಗಂಬಗಳು, ತೊಲೆಗಳು ಬಿಸಿಲಿಗೆ ಬೆತ್ತಲೆ ನಿಂತವು. ಹುಲ್ಲನ್ನೆಲ್ಲ ಹೊತ್ತು ದೂರದ ಬದುವಿನಲ್ಲಿ ಒಟ್ಟಿದಳು.

ಕಾರಹುಣ್ಣಿಮೆ ಕಳೆದ ಮೇಲೆ ಅವರು ಬಂದೇ ಬಂದರು. ಹಾಡುಹಗಲಲ್ಲಿ, ಕುದುರೆಯ ಮೇಲೆ ಇಬ್ಬರು, ಕಾಲ್ನಡಿಗೆಯಲ್ಲಿ ಒಂದಷ್ಟು ಜನ. ಮಲಕಮ್ಮ ಹಳ್ಳದ ಜಾಲಿ ಪೊದೆಯಲ್ಲಿ ಬೋರಲು ಬಿದ್ದು, ಹಲ್ಲು ಕಟಕಟ ಎನ್ನುವ ಸದ್ದು ಅವರಿಗೆ ಕೇಳೀತೆಂದು ಸೆರಗನ್ನು ಬಾಯಲ್ಲಿ ತುರುಕಿಕೊಂಡಳು. ಅವರು ಬರಿ ಕಂಬಗಳ ನಡುವೆ ತಿರುಗಾಡಿದರು. ಒಬ್ಬ ಬಂದೂಕಿನ ಹಿಡಿಯಿಂದ ನಡುಗಂಬಕ್ಕೆ ಬಡಿದ. ಅದು ಮಿಸುಕಲಿಲ್ಲ. ಸುಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ, ಮಣ್ಣು ಮೆತ್ತಿದ ಗೋಡೆಗಾಗಲಿ ದಪ್ಪನೆಯ ಹಳೆ ಬೇವಿಗಾಗಲಿ ಬರಿ ಕಡ್ಡಿ ಗೀರಿದರೆ ಬೆಂಕಿ ಹತ್ತುವುದಿಲ್ಲ. ಕೊನೆಗೆ ಸಿಟ್ಟಿಗೆ ಬದುವಿನ ಹುಲ್ಲಿಗೆ ಬೆಂಕಿ ಇಟ್ಟು, ಮುಂದಿನ ಹಳ್ಳಿಯ ಕಡೆ ಹೋದರು. ತನ್ನ ತಲೆಯ ಮೇಲಿದ್ದ ಹುಲ್ಲು ಅಷ್ಟು ದೂರದಲ್ಲಿ ಉರಿಯುವುದನ್ನು ಅವಳು ಮಣ್ಣಲ್ಲಿ ಬಿದ್ದುಕೊಂಡೇ ನೋಡಿದಳು. ಎದ್ದು ದಾವಲಬೀಯ ಮನೆ ಮುಟ್ಟುವಷ್ಟರಲ್ಲಿ ಸೀರೆ ಒದ್ದೆಯಾಗಿತ್ತು. ದಾವಲಬೀ ಏನೂ ಕೇಳದೆ ಬೇರೆ ಸೀರೆ ಕೊಟ್ಟಳು.

ಅಂದಿನಿಂದ ಅತ್ತೆ ಸೊಸೆ ಇಬ್ಬರೂ ಅಲ್ಲೇ. ಮೊದಮೊದಲು ಮಲಕಮ್ಮ ಹೊರಗೆ ಕಲ್ಲು ಹೂಡಿ ಬೇರೆ ರೊಟ್ಟಿ ಬಡಿಯುತ್ತಿದ್ದಳು. ಮಳೆ ಹಿಡಿದ ಮೇಲೆ ಎರಡು ಒಲೆ ಒಂದಾದವು.

ಭಾದ್ರಪದದಲ್ಲಿ ಹಿಂದುಸ್ತಾನದ ಫೌಜು ಬಂತು. ರಜಾಕಾರರು ಓಡಿದರು, ನಿಜಾಮರ ಆಳಿಕೆ ಮುಗಿಯಿತು, ಊರೂರಿಗೆ ಬಾವುಟ ಏರಿತು. ಅಂಜಿಕೆ ಮುಗಿಯಿತೆಂದು ಮಲಕಮ್ಮ ಕೈಮುಗಿದಳು. ಆದರೆ ಅಂಜಿಕೆ ಎಲ್ಲಿಗೂ ಹೋಗಿರಲಿಲ್ಲ, ಬೀದಿಯ ಈ ಕಡೆಯಿಂದ ಆ ಕಡೆಗೆ ದಾಟಿತ್ತು ಅಷ್ಟೆ. ಸುಡಿಸಿಕೊಂಡವರು ಈಗ ಕೋಲು ಕೊಡಲಿ ಹಿಡಿದು ಎದ್ದರು. ಸುಟ್ಟವರು ಕೈಗೆ ಸಿಗಲಿಲ್ಲ. ಸಿಕ್ಕವರು ಸರದಾರಸಾಬನಂಥವರು. ಅಕ್ಕಪಕ್ಕದ ಊರುಗಳಲ್ಲಿ ಏನೇನಾಯಿತೆಂದು ಜನ ಪಿಸುಗುಟ್ಟಿದ್ದನ್ನು ಇಲ್ಲಿ ಬರೆಯಲು ಕೈ ಬರುವುದಿಲ್ಲ.

ಶಹಾಪುರದ ಫೌಜಿನ ಠಾಣ್ಯಕ್ಕೆ ಓಡಿಹೋಗಿ ಎಂದು ಮಲಕಮ್ಮ ಹೇಳಿದಳು. ರೇಣಮ್ಮನಿಗೆ ದಿನ ತುಂಬಿತ್ತು. ಹೆರಿಗೆ ಕಾಲಕ್ಕೆ ಮಗಳನ್ನು ಬಿಟ್ಟು ಓಡುವ ತಾಯಿ ಯಾರಿದ್ದಾಳೆ ಎಂದು ದಾವಲಬೀ ಕುಂತಲ್ಲೇ ಕುಂತಳು. ಅವಳು ಹೋಗದೆ ಸರದಾರಸಾಬನೂ ಹೋಗಲಿಲ್ಲ.

ಮರುದಿನ ಮಧ್ಯಾಹ್ನ ಗುಂಪು ಬಂತು. ಮುಂದಿದ್ದವನು ಭಗವಂತರಾಯ, ಅದೇ ಊರಿನ ಒಕ್ಕಲುತನದ ಮನೆಯ ಹುಡುಗ. ಅವನ ದನದ ಕೊಟ್ಟಿಗೆಯನ್ನು ರಜಾಕಾರರು ಸುಟ್ಟಾಗ ಕಟ್ಟಿದ ಹಗ್ಗ ಹರಿದುಕೊಳ್ಳಲಾಗದೆ ಎರಡು ಎತ್ತು ಒಳಗೇ ಬೆಂದಿದ್ದವು. ಗುಂಪು ಬೀದಿಯ ಆ ತುದಿಯಲ್ಲಿದ್ದಾಗಲೇ ಮಲಕಮ್ಮ ಕಂಡಳು. ಒಳಗೆ ಸರದಾರಸಾಬ ಪುಂಡಿನಾರಿನ ಹೊರೆಗಳ ಹಿಂದೆ ಕುಕ್ಕರಿಸಿದ್ದ. ದಾವಲಬೀ ರೇಣಮ್ಮನ ತಲೆ ತೊಡೆಯ ಮೇಲಿಟ್ಟುಕೊಂಡಿದ್ದಳು. ಇದ್ದದ್ದು ಒಂದೇ ಬಾಗಿಲು.

ಹಡೆದ ಮನೆಯ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿದ್ದರೆ ಹೊರಗಿನ ಗಂಡಸು ಎಂಥವನೇ ಆಗಲಿ ಒಳಗೆ ಕಾಲಿಡುವುದಿಲ್ಲ. ಬೇವಿನ ಗಿಡ ಅಂಗಳದಲ್ಲೇ ಇತ್ತು. ಮಲಕಮ್ಮನ ಕೈ ಟೊಂಗೆಗೆ ಹೋಯಿತು, ನಿಂತಿತು. ರೇಣಮ್ಮ ಇನ್ನೂ ಹೆತ್ತಿಲ್ಲ. ಹೆರುವ ಮುಂಚೆ ಬೇವು ಕಟ್ಟುವುದೆಂದರೆ ಬರುವ ಕೂಸನ್ನು ಬಾಗಿಲಿಂದಲೇ ಕಳಿಸಿದ ಹಾಗೆ. ಒಂದು ಕುಲಾವಿಯನ್ನೂ ಹೊಲಿಯಗೊಡದವಳು ಅವಳು. ಗುಂಪಿನ ಮಾತು ಕಿವಿಗೆ ಬೀಳುವಷ್ಟು ಹತ್ತಿರವಾಯಿತು. ಎರಡೂ ಮತದವರು ನಡೆದುಕೊಳ್ಳುವ ತಿಂತಣಿಯ ಮೋನಪ್ಪಯ್ಯನನ್ನು ನೆನೆದು, ಕಣ್ಣು ಮುಚ್ಚಿ ಟೊಂಗೆ ಮುರಿದಳು. ಬಾಗಿಲ ಮೇಲೆ ಸಿಕ್ಕಿಸಿ, ಹೊಸ್ತಿಲಿಗೆ ಅಡ್ಡ ಕೂತಳು.

"ದೊಡ್ಡವ್ವ, ಸರಿ. ಸರದಾರಸಾಬ ಒಳಗದಾನ," ಎಂದ ಭಗವಂತರಾಯ.

"ಒಳಗ ನನ್ನ ಸೊಸಿ ಅದಾಳ. ಹಡದಾಳ."

ಅವನು ಬೇವು ನೋಡಿದ. ಹಿಂದಿನವರೂ ನೋಡಿ ಒಂದು ಹೆಜ್ಜೆ ಸರಿದರು. ಅಷ್ಟರಲ್ಲಿ ಅವನಿಗೆ ಏನೋ ಹೊಳೆಯಿತು. ಕಿವಿಗೊಟ್ಟು ನಿಂತ.

"ಹಡದಾಳಂದ್ರ ಕೂಸಿನ ದನಿ ಕೇಳವಲ್ದಲ್ಲ?"

ಮಲಕಮ್ಮನಿಗೆ ಗೊತ್ತಿದ್ದ ಉತ್ತರ ಒಂದೇ. ಅದು ಅವಳು ಆ ಒಂಬತ್ತು ತಿಂಗಳೂ ಕನಸಿನಲ್ಲಿ ಕೇಳಿ ಬೆಚ್ಚಿ ಎದ್ದ ಮಾತು. ಒಳಗೆ ರೇಣಮ್ಮನಿಗೆ ಕೇಳಿಸುತ್ತದೆ, ಹೊಟ್ಟೆಯೊಳಗಿನದಕ್ಕೂ ಕೇಳಿಸುತ್ತದೆ.

"ಅಳಾಕ ಅದು ಉಳದಿಲ್ಲಪಾ. ಸತ್ತು ಹುಟ್ಯಾದ."

ಆ ಮುದುಕಿಯ ಮೈ ನಡುಗುವುದನ್ನು, ಕಣ್ಣಿಂದ ನೀರು ಇಳಿಯುವುದನ್ನು ಅವರು ಕಂಡರು. ಅದರಲ್ಲಿ ಒಂದು ಹನಿಯೂ ಸುಳ್ಳಿರಲಿಲ್ಲ. ಭಗವಂತರಾಯ ಕೊಡಲಿ ಕೆಳಗಿಳಿಸಿದ. ಹೋಗುವಾಗ ಯಾರೋ ಅಂಗಳದಲ್ಲಿದ್ದ ಹಗ್ಗ ಹೊಸೆಯುವ ರಾಟೆಯನ್ನು ಒದ್ದು ಮುರಿದು ಹೋದರು.

ರೇಣಮ್ಮನಿಗೆ ಅಂದೇ ಸಂಜೆ ಬ್ಯಾನೆ ಎದ್ದವು. ಮಲಕಮ್ಮ ಮೂಲೆಯಲ್ಲಿ ಕೂತು ತನ್ನ ಬಾಯಿಗೆ ತಾನೇ ಬಡಿದುಕೊಂಡಳು. ಮುಂಜಾನೆ ಕೂಸು ಹುಟ್ಟಿತು, ಹೆಣ್ಣು. ಅಳಲಿಲ್ಲ. ದಾವಲಬೀ ಅದರ ಕಾಲು ಹಿಡಿದು ತಲೆಕೆಳಗು ಮಾಡಿ ಬೆನ್ನಿಗೆ ತಟ್ಟಿದಳು, ಮುಖಕ್ಕೆ ತಣ್ಣೀರು ಚಿಮುಕಿಸಿದಳು, ಮತ್ತೆ ತಟ್ಟಿದಳು. ಮಲಕಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ನಾನು ಅಂದದ್ದು ಆಯಿತು, ನಾನೇ ಕೊಂದೆ ಎಂದು ಅವಳ ಮನಸ್ಸು ಹೇಳುತ್ತಿತ್ತು. ಆಗ ಬೆಕ್ಕಿನ ಮರಿ ಕೆಮ್ಮಿದಂತೆ ಒಂದು ಸದ್ದು ಬಂತು. ಆಮೇಲೆ ಮನೆ ಹಾರಿಹೋಗುವ ಹಾಗೆ ಕೂಸು ಅತ್ತಿತು.

ದಾವಲಬೀ ಥಟ್ಟನೆ ಅದರ ಬಾಯಿ ಮುಚ್ಚಿದಳು. ಸತ್ತ ಕೂಸು ಅತ್ತರೆ ಬೀದಿಗೆ ಕೇಳುವುದಿಲ್ಲವೇ? ಗಂಡ ಇನ್ನೂ ನಾರಿನ ಹೊರೆಯ ಹಿಂದೆಯೇ ಇದ್ದ. ಮಲಕಮ್ಮ ಬಂದು ಆ ಕೈ ಸರಿಸಿದಳು.

"ಅಳ್ಲಿ. ಇನ್ನ ಒಂದು ಉಸುರು ನಾ ನಿಲ್ಲಸಾಂಗಿಲ್ಲ."

ಮತ್ತೆ ಹೋಗಿ ಹೊಸ್ತಿಲಿಗೆ ಅಡ್ಡ ಕೂತಳು. ಬಿಸಿಲೇರುವ ಹೊತ್ತಿಗೆ ಭಗವಂತರಾಯ ಒಬ್ಬನೇ ಬಂದ. ಹೆಗಲ ಮೇಲೆ ಕೊಡಲಿ ಇತ್ತು. ಒಳಗಿಂದ ಕೂಸು ಚೀರುತ್ತಿತ್ತು. ಅವನು ನಿಂತು ಕೇಳಿದ. ಮಲಕಮ್ಮ ಅವನ ಮುಖ ನೋಡಲಾರದೆ ಅವನ ಕಾಲು ನೋಡಿದಳು. ಆ ಕಾಲು ಹೊಸ್ತಿಲ ಹತ್ತಿರ ಬಂತು.

"ದೊಡ್ಡವ್ವ, ಕೂಸು ಅಳಾಕತ್ತದ."

ಅವನು ತಲೆಯೆತ್ತಿ ಬಾಗಿಲ ಮೇಲೆ ನೋಡಿದ. ನಿನ್ನೆಯ ಬೇವು ಬಾಡಿ ಜೋತುಬಿದ್ದಿತ್ತು. ಬಹಳ ಹೊತ್ತು ನೋಡಿದ. ಕೊಡಲಿ ಕೆಳಗಿಟ್ಟು, ಗಿಡದ ಹತ್ತಿರ ಹೋಗಿ ಕೈಯಿಂದ ಒಂದು ಟೊಂಗೆ ಮುರಿದು ತಂದು ಅವಳ ಮುಂದೆ ಹೊಸ್ತಿಲ ಮೇಲೆ ಇಟ್ಟ.

"ತೊಪ್ಪಲ ಒಣಗ್ಯಾದ. ಹಸೀದು ಕಟ್ಟು," ಎಂದು ಹೇಳಿ ಹೋದ.

ಆ ಬೀದಿಗೆ ಮತ್ತೆ ಗುಂಪು ಬರಲಿಲ್ಲ. ಕೂಸಿಗೆ ಮೋನಮ್ಮ ಎಂದು ಹೆಸರಿಟ್ಟರು. ಸುದ್ದಿ ಮುಟ್ಟಿ ಅಯ್ಯಣ್ಣ, ಬಾಲಪ್ಪ ಕುರಿಗಳ ಸಂಗಡ ಬಂದರು. ಚಳಿಗಾಲದಲ್ಲಿ ಹಳ್ಳದ ದಂಡೆಯ ಬಾದೆ ಹುಲ್ಲು ಕೊಯ್ದು ಮನೆಗೆ ಹೊದಿಸಿದರು. ಮಳೆ ತಿಂದು ತಟ್ಟಿಗೋಡೆಗಳೆಲ್ಲ ಕುಸಿದಿದ್ದವು, ಕಂಬಗಳು ಇಟ್ಟಲ್ಲೇ ಇದ್ದವು. ಮಗಳ ಮನೆಗೆ ಹೊಸ ಹುಲ್ಲು ಬೀಳುವಾಗ ತವರಿನವರು ಮುಯ್ಯಿ ತರಬೇಕಲ್ಲ, ಸರದಾರಸಾಬ ಒಂದು ಹೊರೆ ಹೊಸ ಹಗ್ಗ ತಂದ, ದಾವಲಬೀ ಖಣ ತಂದಳು. ಗಂಟುಗಳನ್ನು ಅವನೇ ಹಾಕಿದ, ಎಲ್ಲವೂ ಸರಗುಣಿಕೆ. ಮಲಕಮ್ಮ ಕೆಳಗೆ ನಿಂತು ಒಂದೊಂದನ್ನೂ ತೋರಿಸು ಎಂದು ಪೀಡಿಸಿದಳು.

ಧೈರ್ಯವಂತೆ ಎಂದು ಊರು ಅವಳನ್ನು ಹೊಗಳಲು ನೋಡಿತು. ಅವಳು ಒಪ್ಪಲಿಲ್ಲ, ಒಪ್ಪುವ ಹಾಗೂ ಇರಲಿಲ್ಲ. ಗುಡುಗಿದರೆ ಮುಂಚಿನಂತೆಯೇ ಕಂಬ ಅಪ್ಪಿಕೊಳ್ಳುತ್ತಿದ್ದಳು. ಬಾಯಿಂದ ಬಿದ್ದ ಆ ಒಂದು ಮಾತು ಎಲ್ಲೋ ಕಾದು ಕೂತಿದೆ, ಒಂದು ದಿನ ಬರುತ್ತದೆ ಎಂದು ಅವಳಿಗೆ ಕಡೆಯತನಕ ಅಂಜಿಕೆ. ಮೋನಮ್ಮ ದೊಡ್ಡವಳಾಗಿ, ಮದುವೆಯಾಗಿ, ತನ್ನ ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದು ಮಲಗಿದಾಗಲೂ ಮುದುಕಿ ಮೆಲ್ಲನೆ ಎದ್ದು ಹೋಗುತ್ತಿದ್ದಳು. ಮೊಮ್ಮಗಳ ಮೂಗಿನ ಕೆಳಗೆ ಬೆರಳಿಟ್ಟು ಕಾಯುತ್ತಿದ್ದಳು. ಬೆರಳಿಗೆ ಉಸಿರು ತಾಗಿದ ಮೇಲೆ ನಡುಗಂಬಕ್ಕೆ ಕೈಮುಗಿದು, ಹಗ್ಗದ ತುದಿ ಮುಟ್ಟಿ, ಬಂದು ಮಲಗುತ್ತಿದ್ದಳು.